ಒಡನಾಡಿಯ ಕೆಲಸ: ಮನೋರೋಗದಿಂದ ಚೇತರಿಸಿಕೊಂಡವರು ನೆರೆಯವರಿಗೆ ನೆರವಾಗುವ ಬಗೆ

ಮೈಗೆ ರೋಗ ಬರುವಂತೆ ಮನಸ್ಸಿಗೂ ರೋಗ ಬರುತ್ತದೆ. ಮೈಯ ರೋಗಕ್ಕೆ ಚಿಕಿತ್ಸೆಯಿರುವಂತೆ ಮನಸ್ಸಿನ ರೋಗಕ್ಕೂ ಚಿಕಿತ್ಸೆಯಿದೆ. ಆದರೆ ಜ್ವರ ಬಂದವರನ್ನು ನೋಡಲು ಓಣಿಯವರೆಲ್ಲ ಬರುತ್ತಾರೆ. ಮನೋರೋಗ ಬಂದವರ ಮನೆಯ ಬಾಗಿಲನ್ನು ಯಾರೂ ತಟ್ಟುವುದಿಲ್ಲ. ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ರೋಗದ ಬಗೆಗೆ ತಕ್ಕಂತೆ ಶೇಕಡ 70ರಿಂದ 92ರಷ್ಟು ರೋಗಿಗಳು ಚಿಕಿತ್ಸೆಯಿಂದ ಹೊರಗೇ ಉಳಿದಿದ್ದರು. ಔಷಧಿಯಿದ್ದರೂ ಅದು ಮನೆಯನ್ನು ತಲುಪುತ್ತಿಲ್ಲ ಎಂಬುದೇ ಇದರ ಅರ್ಥ. ಆ ದಾರಿಯನ್ನು ಕೂಡಿಸುವವರಲ್ಲಿ ನೀವೂ ಒಬ್ಬರಾಗಬಹುದು.

ಒಡನಾಡಿ ಎಂದರೆ ಯಾರು?

ತಾವೇ ಮನೋರೋಗವನ್ನು ಅನುಭವಿಸಿ, ಚಿಕಿತ್ಸೆಯಿಂದ ಚೇತರಿಸಿಕೊಂಡು, ಈಗ ಅದೇ ಕಷ್ಟದಲ್ಲಿರುವ ಇತರರಿಗೆ ಆಸರೆಯಾಗುವವರನ್ನು ಈ ಪಾಠದಲ್ಲಿ 'ಒಡನಾಡಿ' ಎಂದು ಕರೆದಿದೆ. ಒಡನಾಡಿಯು ವೈದ್ಯನಲ್ಲ, ದಾದಿಯಲ್ಲ, ಮಂತ್ರವಾದಿಯೂ ಅಲ್ಲ. ಮೊದಲ ತಿಂಗಳ ಭಯ, ಮಾತ್ರೆ ನುಂಗಿದಾಗಿನ ಮಂಪರು, ಜನರ ಕಣ್ಣಿಗೆ ಬೀಳಲು ನಾಚಿಕೆ, ಗುಣವಾದಂತೆ ಅನಿಸಿದ ಮೇಲೆ 'ಇನ್ನೇಕೆ ಮಾತ್ರೆ' ಎಂಬ ಯೋಚನೆ, ಇವೆಲ್ಲವನ್ನೂ ಅವರು ಸ್ವತಃ ಬಲ್ಲರು. ವೈದ್ಯರು ರೋಗವನ್ನು ಬಲ್ಲರು. ಒಡನಾಡಿಯು ರೋಗದೊಡನೆ ಬಾಳಿದ ದಿನಗಳನ್ನು ಬಲ್ಲರು. ರೋಗಿಗೆ ಎರಡೂ ಬೇಕು.

ಈ ವಿಚಾರ ಹೊಸದಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಪ್ಯಾರಿಸ್ಸಿನ ಬಿಸೇತ್ರ್ ಆಸ್ಪತ್ರೆಯ ಮನೋರೋಗಿಗಳ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಪ್ಯುಸಾಂ ಎಂಬಾತ, ಗುಣಹೊಂದಿದ ರೋಗಿಗಳನ್ನೇ ಆರೈಕೆಯ ಕೆಲಸಕ್ಕೆ ನೇಮಿಸಿಕೊಳ್ಳುತ್ತಿದ್ದ. ಸ್ವತಃ ಕಷ್ಟವುಂಡವರು ರೋಗಿಗಳನ್ನು ಹೊಡೆಯುವುದಿಲ್ಲ, ಹೀಯಾಳಿಸುವುದಿಲ್ಲ ಎಂಬುದು ಅಲ್ಲಿ ಕಂಡುಬಂತು.

ನಮ್ಮ ನಾಡಿನ ಅನುಭವವೂ ಉಂಟು. ರಾಯಚೂರಿನ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ 1985ರಿಂದ ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಕೂಡಿ ಒಂದು ಪ್ರಯೋಗ ನಡೆಸಿದವು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ನೀಡಿ, ಮನೋರೋಗಕ್ಕೆ ಹಳ್ಳಿಯ ಸಮೀಪದಲ್ಲಿಯೇ ಚಿಕಿತ್ಸೆ ಕೊಡಬಹುದೆಂದು ತೋರಿಸಿಕೊಟ್ಟವು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿಯಾಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ರೋಗವನ್ನು ಅನುಭವಿಸಿದವರ ಪ್ರತಿನಿಧಿಗಳಿಗೂ ಆರೈಕೆ ಮಾಡುವ ಮನೆಯವರ ಪ್ರತಿನಿಧಿಗಳಿಗೂ ಸ್ಥಾನ ಕೊಟ್ಟಿದೆ. ಅನುಭವಿಸಿದವರ ಮಾತಿಗೆ ಕಾನೂನು ಬೆಲೆ ಕೊಟ್ಟಿರುವಾಗ ನೀವು ಹಿಂಜರಿಯಬೇಕಾಗಿಲ್ಲ.

ಮೊದಲು ಮಾಡಬೇಕಾದ ಸಿದ್ಧತೆ

ಈ ಕೆಲಸವನ್ನು ಒಬ್ಬರೇ ಆರಂಭಿಸಬಾರದು. ನಿಮಗೆ ಚಿಕಿತ್ಸೆ ನೀಡುತ್ತಿರುವ ವೈದ್ಯರನ್ನು ಕೇಳಿ. ನಿಮ್ಮ ಆರೋಗ್ಯ ಇದಕ್ಕೆ ಒಗ್ಗುವುದೇ ಎಂಬುದನ್ನು ಅವರೇ ಹೇಳಬೇಕು. ಬಳಿಕ ಊರಿನ ಆಶಾ ಕಾರ್ಯಕರ್ತೆಯನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯನ್ನೂ ಕಂಡು ಮಾತನಾಡಿ.

ಸೇವೆಗಳು ಎಲ್ಲಿವೆ ಎಂಬುದನ್ನು ತಿಳಿದಿರಬೇಕು. ದೇವಸುಗೂರಿನಿಂದ ರಾಯಚೂರು ಸುಮಾರು 20 ಕಿಲೋಮೀಟರು. ಅಲ್ಲಿನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿ (ರಿಮ್ಸ್) ಮನೋವೈದ್ಯ ವಿಭಾಗವಿದೆ. ದೇವದುರ್ಗ ಮತ್ತು ಮಾನ್ವಿಯವರಿಗೆ ತಮ್ಮ ತಾಲ್ಲೂಕು ಆಸ್ಪತ್ರೆ ಹತ್ತಿರ. ತಜ್ಞರು ನಿಗದಿತ ದಿನ ತಾಲ್ಲೂಕು ಆಸ್ಪತ್ರೆಗೆ ಬಂದು ನೋಡುವ ವ್ಯವಸ್ಥೆಯನ್ನು ರಾಜ್ಯದಲ್ಲಿ 'ಮನೋಚೈತನ್ಯ' ಎಂಬ ಹೆಸರಿನಲ್ಲಿ ರೂಪಿಸಲಾಯಿತು. ನಿಮ್ಮ ತಾಲ್ಲೂಕಿನಲ್ಲಿ ಯಾವ ದಿನ, ಎಷ್ಟು ಗಂಟೆಗೆ ಎಂಬುದನ್ನು ವಿಚಾರಿಸಿ ಬರೆದಿಟ್ಟುಕೊಳ್ಳಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ದೂರವಾಣಿ ಸಂಖ್ಯೆ 14416. ಇದಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಮೊದಲ ಭೇಟಿ

ರೋಗಿಯ ಒಪ್ಪಿಗೆ ಪಡೆದು ಹೋಗಬೇಕು. ಹೆಣ್ಣುಮಕ್ಕಳನ್ನು ಕಾಣಲು ಹೆಣ್ಣುಮಗಳೇ ಹೋಗುವುದು ಲೇಸು. ಹೊಲದ ಕೆಲಸವಿರುವ ಮನೆಗೆ ಹೊತ್ತು ನೋಡಿ ಹೋಗಿರಿ. ರೋಗದ ಹೆಸರು ಹಿಡಿದು ಮಾತು ತೆಗೆಯಬೇಡಿರಿ. 'ಯಕ್ಕಾ, ರಾತ್ರಿ ನಿದ್ದಿ ಬರ್ತದೇನು? ಊಟ ಸೇರ್ತದೇನು?' ಎಂದು ಆಡುಮಾತಿನಲ್ಲಿ ಕೇಳಿದರೆ ಉತ್ತರ ಬರುತ್ತದೆ. ಬಳಿಕ ಸುಮ್ಮನೆ ಕೇಳಿಸಿಕೊಳ್ಳಿರಿ. ರೋಗಿಯು ಮಾತನಾಡದಿದ್ದರೆ ಸ್ವಲ್ಪ ಹೊತ್ತು ಕುಳಿತು, ಮತ್ತೆ ಬರುವುದಾಗಿ ಹೇಳಿ ಎದ್ದು ಬನ್ನಿರಿ. ಹೇಳಿದ ದಿನ ತಪ್ಪದೆ ಹೋಗಬೇಕು. ನಂಬಿಕೆ ಬೆಳೆಯುವುದು ಮಾತಿನಿಂದಲ್ಲ, ಹೇಳಿದ ದಿನ ಬಾಗಿಲಲ್ಲಿ ಕಾಣಿಸಿಕೊಳ್ಳುವುದರಿಂದ.

ನಿಮ್ಮ ಅನುಭವವನ್ನು ಹೇಳಬಹುದು, ಆದರೆ ಅಳತೆಯಿಂದ. 'ನನಗೂ ಇಂಥಾ ತ್ರಾಸು ಆಗಿತ್ತು. ದವಾಖಾನಿಗೆ ಹೋದೆ. ಈಗ ಆರಾಮ ಅದೀನಿ' ಎಂಬಷ್ಟು ಮೊದಲ ದಿನಕ್ಕೆ ಸಾಕು. ನಿಮ್ಮ ಕಥೆಯೇ ದೊಡ್ಡದಾಗಿ ರೋಗಿಯ ಮಾತು ಮರೆಯಾಗಬಾರದು. ಇನ್ನೊಂದು ಅಂಶವನ್ನೂ ಯೋಚಿಸಿ: ನಿಮಗೆ ರೋಗವಿತ್ತೆಂಬ ಸಂಗತಿ ಊರಿಗೆ ತಿಳಿದರೆ ಅದರ ಫಲ ನಿಮ್ಮ ಮನೆಯವರಿಗೂ ತಟ್ಟುತ್ತದೆ. ಮದುವೆಯಾಗಬೇಕಾದ ತಂಗಿಯೋ ಮಗಳೋ ಇದ್ದರೆ ಮನೆಯವರೊಡನೆ ಕುಳಿತು ಮಾತನಾಡಿ, ಎಷ್ಟು ಹೇಳಬೇಕೆಂಬುದನ್ನು ತೀರ್ಮಾನಿಸಿಕೊಂಡೇ ಈ ಕೆಲಸಕ್ಕೆ ಹೊರಡಿರಿ.

ಔಷಧಿಯನ್ನು ತಪ್ಪದಂತೆ ನೋಡಿಕೊಳ್ಳುವುದು

ಒಡನಾಡಿಯಿಂದ ಆಗುವ ಬಹು ದೊಡ್ಡ ಉಪಕಾರ ಇದೇ. ಖಿನ್ನತೆಗೆ ಕೊಡುವ ಮಾತ್ರೆಗಳ ಗುಣ ಕಾಣಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಬಾಯಿ ಒಣಗುವುದು, ಮಂಪರು ಮುಂತಾದ ತೊಂದರೆಗಳು ಮಾತ್ರ ಮೊದಲ ದಿನವೇ ಬರಬಹುದು. ಹೀಗೆ ಕಷ್ಟ ಮೊದಲು, ಸುಖ ಆಮೇಲೆ ಆಗುವುದರಿಂದ ಅನೇಕರು ಎರಡನೆಯ ವಾರದಲ್ಲಿಯೇ ಔಷಧಿ ಬಿಡುತ್ತಾರೆ. ಆ ಎರಡು ವಾರ ನಿಮ್ಮ ಭೇಟಿ ಹೆಚ್ಚಾಗಿರಲಿ.

ಎರಡನೆಯ ಅಪಾಯ ಗುಣವಾದ ಮೇಲೆ ಬರುತ್ತದೆ. ಖಿನ್ನತೆ ಹೋದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಔಷಧಿ ಮುಂದುವರಿಯಬೇಕು. ಭ್ರಮೆ, ಅನುಮಾನ, ಕಿವಿಯಲ್ಲಿ ಮಾತು ಕೇಳಿಸುವುದು ಮುಂತಾದವುಳ್ಳ ತೀವ್ರ ರೋಗದಲ್ಲಿ ವರ್ಷಗಟ್ಟಲೆ ಬೇಕಾಗಬಹುದು. ನಿಲ್ಲಿಸುವ ತೀರ್ಮಾನ ವೈದ್ಯರದು. ಕೈನಡುಕ, ಕೈಕಾಲು ಬಿಗಿತ, ಜೊಲ್ಲು, ತೂಕ ಹೆಚ್ಚಳ ಕಂಡರೆ ಔಷಧಿ ಬಿಡಿಸದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಅದನ್ನು ಬದಲಾಯಿಸಲು ಅವರಿಗೆ ಸಾಧ್ಯವಿದೆ.

ನಮ್ಮ ಸೀಮೆಯಲ್ಲಿ ಔಷಧಿ ತಪ್ಪಲು ಬೇರೆ ಕಾರಣಗಳೂ ಇವೆ.

(1) ಗುಳೆ: ಕೆಲಸ ಹುಡುಕಿ ಬೆಂಗಳೂರಿಗೋ ಬೇರೆ ಊರಿಗೋ ಹೋಗುವ ಕುಟುಂಬದಲ್ಲಿ ರೋಗಿಯಿದ್ದರೆ, ಹೊರಡುವ ಮುನ್ನ ಎಷ್ಟು ದಿನಕ್ಕೆ ಔಷಧಿ ಸಿಗುವುದೋ ಅಷ್ಟನ್ನು ಪಡೆಯಲು ನೆರವಾಗಿರಿ. ವೈದ್ಯರ ಚೀಟಿಯನ್ನು ಜತೆಗಿಟ್ಟುಕೊಳ್ಳಲು ಹೇಳಿರಿ. ಆ ಚೀಟಿಯಿದ್ದರೆ ಹೋದ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಮುಂದುವರಿಸುವುದು ಸುಲಭ.

(2) ಬಿಸಿಲು: ರಾಯಚೂರಿನ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಷಿಯಸ್ ದಾಟುತ್ತದೆ. ಲಿಥಿಯಂ ಮಾತ್ರೆ ಸೇವಿಸುವವರ ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಆ ಔಷಧಿಯ ಪ್ರಮಾಣ ಏರಿ ವಿಷವಾಗಬಹುದು. ಅವರು ಧಾರಾಳವಾಗಿ ನೀರು ಕುಡಿಯಬೇಕು. ಉಪ್ಪನ್ನು ಏಕಾಏಕಿ ಬಿಡಬಾರದು. ಅಂಗಡಿಯಿಂದ ತಾವೇ ನೋವಿನ ಗುಳಿಗೆ ತಂದು ನುಂಗಬಾರದು. ವಾಂತಿ, ಭೇದಿ, ಹೆಚ್ಚಿದ ಕೈನಡುಕ, ತೊದಲು ಮಾತು, ತೂರಾಡುವ ನಡಿಗೆ ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು.

(3) ಪಾಳಿ ಕೆಲಸ: ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದಂತಹ ಕಡೆ ರಾತ್ರಿ ಪಾಳಿಯೂ ಇರುತ್ತದೆ. ಒಮ್ಮೆ ಅತಿ ಉತ್ಸಾಹ, ಒಮ್ಮೆ ಖಿನ್ನತೆ ಬರುವ ರೋಗವಿದ್ದವರಿಗೆ ನಿದ್ದೆಗೇಡು ರೋಗವನ್ನು ಮರುಕಳಿಸಬಲ್ಲದು. ಪಾಳಿಯ ವಿಷಯವನ್ನು ವೈದ್ಯರಿಗೆ ತಿಳಿಸುವಂತೆ ಹೇಳಿರಿ.

ಗರ್ಭಿಣಿ ಮತ್ತು ಬಾಣಂತಿ

ಹಿಂದೆ ಮನೋರೋಗವಿದ್ದ ಹೆಣ್ಣುಮಗಳು ಗರ್ಭಿಣಿಯಾಗಬಯಸಿದರೆ ಮೊದಲೇ ವೈದ್ಯರನ್ನು ಕಾಣಬೇಕು. ವಾಲ್‌ಪ್ರೊಯೇಟ್‌ನಂತಹ ಕೆಲವು ಔಷಧಿಗಳು ಹೊಟ್ಟೆಯಲ್ಲಿರುವ ಮಗುವಿಗೆ ಕೆಡುಕು ಮಾಡಬಲ್ಲವು. ಹಾಗೆಂದು ತಾವೇ ಔಷಧಿ ನಿಲ್ಲಿಸುವುದೂ ಅಪಾಯ. ಹೆರಿಗೆಯಾದ ಮೊದಲ ಎರಡು ವಾರಗಳಲ್ಲಿ ನಿದ್ದೆ ಬಾರದೆ, ಅಸಂಬದ್ಧವಾಗಿ ಮಾತನಾಡುತ್ತ, ಮಗುವಿನ ಬಗ್ಗೆ ವಿಚಿತ್ರವಾದ ಮಾತು ಆಡತೊಡಗಿದರೆ ಜನರು ಅದನ್ನು 'ಬಾಣಂತಿ ಸನ್ನಿ' ಎಂದೋ 'ಗಾಳಿ' ಎಂದೋ ಕರೆಯುತ್ತಾರೆ. ಇದು ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯವಿರುವ ತುರ್ತು ಸ್ಥಿತಿ. ಚಿಕಿತ್ಸೆಯಿಂದ ಪೂರ್ಣವಾಗಿ ಗುಣವಾಗಬಲ್ಲದು. ತಾಯಿಯನ್ನೂ ಮಗುವನ್ನೂ ಜತೆಯಲ್ಲಿಯೇ ಇರಿಸಿಕೊಂಡು ಚಿಕಿತ್ಸೆ ಮಾಡುವ ವಿಭಾಗವನ್ನು ನಿಮ್ಹಾನ್ಸ್ 2009ರಲ್ಲಿ ತೆರೆಯಿತು.

ಮನೆಯವರೊಡನೆ

ಹರಕೆ: ಮನೆಯವರು ಸೂಗೂರೇಶ್ವರನಿಗೆ ಹರಕೆ ಹೊತ್ತಿರಬಹುದು, ದರ್ಗಾಕ್ಕೆ ನಡೆದುಕೊಳ್ಳುತ್ತಿರಬಹುದು. ಅದನ್ನು ಹೀಯಾಳಿಸಬೇಡಿರಿ. 'ಹರಕಿ ತೀರಸ್ರಿ, ಗುಳಿಗೀನೂ ನುಂಗಸ್ರಿ' ಎನ್ನಿರಿ. ಗುಜರಾತಿನ ಉನಾವಾ ಊರಿನ ಮೀರಾ ದಾತಾರ್ ದರ್ಗಾದಲ್ಲಿ ಪ್ರಾರ್ಥನೆಗೆ ಬಂದವರಿಗೆ ಅಲ್ಲಿಯೇ ಔಷಧಿಯನ್ನೂ ಕೊಡಿಸಿದ ಕಾರ್ಯಕ್ರಮ ದೇಶದ ಗಮನ ಸೆಳೆದಿದೆ.

ಸರಪಳಿ: ರೋಗಿಯನ್ನು ಕಟ್ಟಿಹಾಕುವ ಮನೆಗಳು ಉಂಟು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ 28 ಮಂದಿ ರೋಗಿಗಳು ಓಡಲಾರದೆ ಸತ್ತರು. 2018ರ ಮೇ 29ರಿಂದ ಜಾರಿಗೆ ಬಂದ 2017ರ ಅಧಿನಿಯಮವು ಮನೋರೋಗಿಯನ್ನು ಯಾವ ರೀತಿಯಲ್ಲಿಯೂ ಸರಪಳಿಯಿಂದ ಕಟ್ಟಕೂಡದೆಂದು ನಿಷೇಧಿಸಿದೆ. ಆದರೂ ಬಾಗಿಲಲ್ಲಿ ನಿಂತು ಕಾನೂನು ಹೇಳಿದರೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಕಟ್ಟಿದ ತಾಯಿಯೂ ಹೆದರಿದವಳೇ. ಆಕೆಯ ಭಯವನ್ನು ಮೊದಲು ಕೇಳಿ, ತಡಮಾಡದೆ ವೈದ್ಯಾಧಿಕಾರಿಗೆ ತಿಳಿಸಿ, ಚಿಕಿತ್ಸೆ ಆರಂಭಿಸುವುದೇ ಸರಪಳಿ ಬಿಚ್ಚಿಸುವ ದಾರಿ.

ಮದುವೆ: ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆ ನಮ್ಮಲ್ಲಿದೆ. ಗಾದೆಯ ಎರಡನೆಯ ಮಾತು ಸುಳ್ಳು. ಮದುವೆ ಔಷಧಿಯಲ್ಲ. ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ಮಾತ್ರೆಯನ್ನೂ ಮುಚ್ಚಿಡಬೇಕಾಗಿ, ಕೊನೆಗೆ ಬಿಡಬೇಕಾಗಿ ಬರುತ್ತದೆ. ರೋಗ ಹತೋಟಿಗೆ ಬಂದ ಮೇಲೆ, ಎರಡೂ ಕಡೆಯವರಿಗೆ ತಿಳಿಸಿ ಮಾಡುವ ಮದುವೆಗೆ ಅಡ್ಡಿಯಿಲ್ಲ.

ಸಾಯುವ ಮಾತು ಬಂದಾಗ

'ನಾನಿದ್ದು ಏನು ಫಲ' ಎಂಬ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. 'ಸಾಯೋ ವಿಚಾರ ಬರ್ತದೇನು?' ಎಂದು ನೇರವಾಗಿ, ಮೆಲ್ಲಗೆ ಕೇಳಿರಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ; ಹೊತ್ತ ಭಾರ ಸ್ವಲ್ಪ ಇಳಿಯುತ್ತದೆ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡಬೇಡಿರಿ. ಹತ್ತಿ, ಭತ್ತ ಬೆಳೆಯುವ ನಮ್ಮ ಮನೆಗಳಲ್ಲಿ ಬೆಳೆಗೆ ಹೊಡೆಯುವ ಎಣ್ಣೆಯ ಡಬ್ಬಿಗಳು ಮೂಲೆಯಲ್ಲಿಯೇ ಇರುತ್ತವೆ. ಅವನ್ನು ಆ ಕ್ಷಣವೇ ಬೇರೆಡೆ ಸಾಗಿಸಿ ಬೀಗ ಹಾಕಿಸಿರಿ. ಆಶಾ ಕಾರ್ಯಕರ್ತೆಗೂ ವೈದ್ಯರಿಗೂ ತಿಳಿಸಿ, 14416ಕ್ಕೆ ಕರೆ ಮಾಡಿರಿ. ಯಾರಾದರೂ ವಿಷ ಸೇವಿಸಿಯೇ ಇದ್ದರೆ ವಾಂತಿ ಮಾಡಿಸಲು ಹೋಗದೆ, 108ಕ್ಕೆ ಕರೆ ಮಾಡಿ, ಡಬ್ಬಿಯನ್ನು ಜತೆಗೆ ಒಯ್ಯಿರಿ. ಪೊಲೀಸ್ ಭಯದಿಂದ ತಡಮಾಡುವವರಿಗೆ ಹೇಳಿರಿ: ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ 2017ರ ಅಧಿನಿಯಮ ಭಾವಿಸುತ್ತದೆ, ಅನ್ಯಥಾ ರುಜುವಾತಾಗದ ಹೊರತು ಅವರನ್ನು ಶಿಕ್ಷಿಸಲಾಗದು.

ಒಡನಾಡಿಯ ಎಲ್ಲೆಗಳು

ನಿಮ್ಮ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡಬೇಡಿರಿ. ನಿಮಗೆ ಗುಣಕೊಟ್ಟದ್ದು ಅವರಿಗೆ ಕೆಡುಕಾಗಬಹುದು. ಹಣದ ವ್ಯವಹಾರ ಬೇಡ. ಒಂದು ಮನೆಯ ಮಾತನ್ನು ಇನ್ನೊಂದು ಮನೆಯಲ್ಲಿ ಆಡಬೇಡಿರಿ. ಜೀವಕ್ಕೆ ಅಪಾಯವಿದ್ದಾಗ ವೈದ್ಯರಿಗೆ ತಿಳಿಸುವುದೊಂದೇ ಇದಕ್ಕೆ ಹೊರತು. ಆ ಹೊರತನ್ನು ರೋಗಿಗೆ ಮೊದಲೇ ಹೇಳಿರಬೇಕು. 'ಖಂಡಿತ ಪೂರ್ತಿ ಗುಣವಾಗುತ್ತದೆ' ಎಂದು ಭರವಸೆ ಕೊಡಬೇಡಿರಿ. 'ಚಿಕಿತ್ಸೆಯಿದೆ, ನಾನು ಜತೆಗಿರುತ್ತೇನೆ' ಎಂಬುದು ನಿಜವಾದ ಮಾತು, ಅದನ್ನೇ ಹೇಳಿರಿ.

ಇತರರ ದುಃಖ ಕೇಳುತ್ತ ನಿಮ್ಮ ಹಳೆಯ ನೋವು ಏಳಬಹುದು. ನಿಮ್ಮ ನಿದ್ದೆ ಕೆಟ್ಟರೆ, ಸಿಟ್ಟು ಹೆಚ್ಚಿದರೆ, ನಿಮ್ಮದೇ ಮಾತ್ರೆ ಮರೆತುಹೋಗತೊಡಗಿದರೆ, ಭೇಟಿಗಳನ್ನು ಕೆಲವು ದಿನ ನಿಲ್ಲಿಸಿ ವೈದ್ಯರನ್ನು ಕಾಣಿರಿ. ಇದು ಸೋಲಲ್ಲ. ಔಷಧಿ ಬಿಡದೆ, ಬೇಕಾದಾಗ ವಿಶ್ರಾಂತಿ ಪಡೆದು, ಮತ್ತೆ ಕೆಲಸಕ್ಕೆ ಮರಳುವ ಒಡನಾಡಿಯನ್ನು ಕಂಡರೆ ರೋಗಿಗೆ ಅದೇ ಒಂದು ಪಾಠವಾಗುತ್ತದೆ.

ಅಭ್ಯಾಸ ಪ್ರಶ್ನೆಗಳು

1. ಖಿನ್ನತೆಯ ಚಿಕಿತ್ಸೆಯಲ್ಲಿ ಮೊದಲ ಎರಡು ವಾರ ಹೆಚ್ಚು ಭೇಟಿ ಏಕೆ ಬೇಕು?
2. ಲಿಥಿಯಂ ಸೇವಿಸುವವರು ಬೇಸಿಗೆಯಲ್ಲಿ ವಹಿಸಬೇಕಾದ ಎಚ್ಚರಿಕೆಗಳಾವುವು?
3. ಗುಳೆ ಹೊರಟ ಕುಟುಂಬದ ರೋಗಿಗೆ ನೀವು ಹೇಗೆ ನೆರವಾಗುವಿರಿ?
4. ರೋಗಿಯು ಹೇಳಿದ ಗುಟ್ಟನ್ನು ವೈದ್ಯರಿಗೆ ತಿಳಿಸಲೇಬೇಕಾದ ಸಂದರ್ಭ ಯಾವುದು?
5. ನಿಮ್ಮ ಊರಿನಲ್ಲಿ ಯಾರೂ ಬಾಗಿಲು ತಟ್ಟದ ಮನೆ ಯಾವುದು? ಆಶಾ ಕಾರ್ಯಕರ್ತೆಯೊಡನೆ ಮಾತನಾಡಿ, ಅಲ್ಲಿಗೆ ಎಂದು ಹೋಗಬಹುದೆಂಬುದನ್ನು ಗೊತ್ತುಮಾಡಿಕೊಳ್ಳಿರಿ.