ಹಗ್ಗ ಕೊಡುವ ಮುನ್ನ ನೋಟು ನೋಡಿ

ಎತ್ತು ಕೊಳ್ಳಲು ಹೋದ ಒಕ್ಕಲಿಗನು ಮೊದಲು ಅದರ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ. ಆಮೇಲೆ ಸುಳಿ ನೋಡುತ್ತಾನೆ, ಗೊರಸು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡುತ್ತಾನೆ. ಅದೇ ಒಕ್ಕಲಿಗನು ಎತ್ತು ಮಾರುವ ದಿನ ಮಾತ್ರ, ಕೈಗೆ ಬಂದ ನೋಟಿನ ಕಟ್ಟನ್ನು ಎಣಿಸಿ ಸೊಂಟಕ್ಕೆ ಸೇರಿಸಿಬಿಡುತ್ತಾನೆ. ಲೆಕ್ಕ ಸರಿಯಿದೆಯೇ ಎಂದು ನೋಡುತ್ತಾನೆಯೇ ಹೊರತು ನೋಟು ಸರಿಯಿದೆಯೇ ಎಂದು ನೋಡುವುದಿಲ್ಲ. ಕೊಳ್ಳುವಾಗ ಇರುವ ಕಣ್ಣು ಮಾರುವಾಗ ನಮಗೆ ಏಕಿರಬಾರದು?

ನಮ್ಮ ಅವಿನಾಶಿ ಸೀಮೆಯಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಕೊಯಮತ್ತೂರು–ಸೇಲಂ ಹೆದ್ದಾರಿ ಊರ ಪಕ್ಕದಲ್ಲೇ ಹರಿಯುತ್ತದೆ, ತಿರುಪ್ಪೂರು ಕೂಗಳತೆಯಲ್ಲಿದೆ. ಆಡು, ಕಡಸು, ಹಳೆಯ ಪಂಪು, ಮೇವು, ತೆಂಗಿನಕಾಯಿ ಇವನ್ನೆಲ್ಲ ದಾರಿಹೋಕ ಗಿರಾಕಿಗೆ ತೋಟದ ಬಾಗಿಲಲ್ಲೇ ಮಾರುತ್ತೇವೆ. ಸಂತೆಯಲ್ಲಾದರೆ ನಾಲ್ಕು ಜನ ಸಾಕ್ಷಿ ಇರುತ್ತಾರೆ. ತೋಟದ ಬಾಗಿಲಲ್ಲಿ ನಾವು, ಗಿರಾಕಿ, ಮತ್ತು ಮುಳುಗುವ ಹೊತ್ತು, ಇಷ್ಟೇ.

ನಾವೇ ಈ ಪಾಠವನ್ನು ಕಲಿತ ಬಗೆ ಹೇಳುತ್ತೇವೆ. ಒಂದು ಸಂಜೆ ಗುರುತಿಲ್ಲದ ಒಬ್ಬನಿಗೆ ಎರಡು ಟಗರು ಮಾರಿದೆವು. 18,000 ರೂಪಾಯಿಗೆ 500ರ 36 ನೋಟು. ಕೊಟ್ಟಿಗೆಯ ಮಂಕು ದೀಪದಲ್ಲಿ ಎಣಿಸಿದೆವು. ಆತನಿಗೆ ಅವಸರ, ನಮಗೆ ಸಂಕೋಚ. ರಾತ್ರಿ ನಮ್ಮ ಮನೆಯವರು ನೋಟುಗಳ ಮೇಲೆ ಹೆಬ್ಬೆರಳಾಡಿಸಿ, "ಇದೊಂದು ನುಣ್ಣಗಿದೆಯಲ್ಲ" ಎಂದರು. ಅದು ಖೋಟಾ. ನಾಚಿಕೆ ಬಿಟ್ಟು ಹೇಳುವುದಾದರೆ, ಅದನ್ನು ಶನಿವಾರ ಕಳೆ ಕೀಳುವ ಹೆಣ್ಣಾಳುಗಳ ಕೂಲಿಯಲ್ಲಿ ಸೇರಿಸಿಬಿಡೋಣವೆಂಬ ಯೋಚನೆ ನಮಗೂ ಬಂತು. ಅದು ಒಬ್ಬಳ ಒಂದು ದಿನದ ದುಡಿಮೆಗಿಂತ ಹೆಚ್ಚಿನ ಹಣ; ಬೆಳಗಾದರೆ ಅವಳ ಮಗುವಿಗೇ ನಾವು ಶಾಲೆಯಲ್ಲಿ ಪಾಠ ಹೇಳಬೇಕು. ನೋಟನ್ನು ಬ್ಯಾಂಕಿಗೆ ಒಪ್ಪಿಸಿದೆವು. 500 ರೂಪಾಯಿ ಹೋಯಿತು. ಆ ರಾತ್ರಿಯ ಯೋಚನೆ ಮಾತ್ರ ಇನ್ನೂ ಚುಚ್ಚುತ್ತದೆ.

ಆದ್ದರಿಂದ ನೋಟಿನ ಹಲ್ಲು ನೋಡುವ ಕ್ರಮವನ್ನು ತಿಳಿಯೋಣ. ನೋಡುವುದು, ಮುಟ್ಟುವುದು, ಓರೆಮಾಡುವುದು ಎಂದು ಅದು ಮೂರು ಬಗೆ. 2016ರ ಬಳಿಕ ಬಂದ, ಹಿಂಬದಿಯಲ್ಲಿ ಕೆಂಪುಕೋಟೆಯಿರುವ ಬೂದು ಬಣ್ಣದ 500ರ ನೋಟನ್ನೇ ಉದಾಹರಣೆಗೆ ತೆಗೆದುಕೊಳ್ಳಿ.

1. ನೋಡುವುದು: ನೋಟನ್ನು ಬೆಳಕಿಗೆ ಹಿಡಿದರೆ ಬಿಳಿಯ ಜಾಗದಲ್ಲಿ ಗಾಂಧೀಜಿಯ ಮುಖವೂ 500 ಎಂಬ ಅಂಕಿಯೂ ಕಾಗದದ ಒಳಗಿನಿಂದ ಮೂಡಿ ಕಾಣಬೇಕು. ಅವು ಮೇಲೆ ಬಳಿದಂತೆ ಕಂಡರೆ ಸಂಶಯಪಡಿ. ಕ್ರಮಸಂಖ್ಯೆಯ ಅಂಕಿಗಳು ಎಡದಿಂದ ಬಲಕ್ಕೆ ದೊಡ್ಡದಾಗುತ್ತ ಹೋಗುತ್ತವೆ.

2. ಮುಟ್ಟುವುದು: ಗಾಂಧೀಜಿಯ ಚಿತ್ರ, ಅಶೋಕಸ್ತಂಭ, ಎರಡು ಅಂಚುಗಳಲ್ಲಿರುವ ಐದೈದು ಓರೆಗೆರೆ, ಬಲಗಡೆಯ ವೃತ್ತ ಇವು ಬೆರಳಿಗೆ ಉಬ್ಬಾಗಿ ಸಿಗಬೇಕು. ಕಣ್ಣು ಕಾಣದವರಿಗಾಗಿ ಇಟ್ಟ ಗುರುತುಗಳಿವು. ಕತ್ತಲಲ್ಲಿ ನಮಗೂ ಒದಗುತ್ತವೆ. ಬಹಳ ಸವೆದ ನೋಟಿನಲ್ಲಿ ಉಬ್ಬು ಅಳಿದಿರಬಹುದಾದ್ದರಿಂದ ಒಂದೇ ಗುರುತನ್ನು ನಂಬಿ ತೀರ್ಮಾನಿಸಬಾರದು.

3. ಓರೆಮಾಡುವುದು: ನೋಟನ್ನು ತುಸು ವಾಲಿಸಿದರೆ ನಡುವಿನ ಭದ್ರತಾ ಎಳೆಯೂ ಬಲ ಕೆಳಮೂಲೆಯ 500 ಎಂಬ ಅಂಕಿಯೂ ಹಸುರಿನಿಂದ ನೀಲಿಗೆ ತಿರುಗಬೇಕು. ಬಣ್ಣ ತಿರುಗದ ನೋಟನ್ನು ಹಿಂದಕ್ಕೆ ಕೊಡಿ.

ಕಟ್ಟಿನಲ್ಲಿ ಒಂದೇ ಕ್ರಮಸಂಖ್ಯೆಯ ಎರಡು ನೋಟು ಸಿಕ್ಕರೆ ಸಂಶಯಪಟ್ಟು ಉಳಿದ ಗುರುತುಗಳನ್ನೂ ನೋಡಿ. ಹಿಂಬದಿಯ ಹದಿನೈದು ಭಾಷೆಗಳ ಪಟ್ಟಿಯಲ್ಲಿ ನಮ್ಮ ಕನ್ನಡವು ನಾಲ್ಕನೆಯ ಸಾಲಿನಲ್ಲಿದೆ. ಅದನ್ನು ಕಂಡು ಹಿಗ್ಗಬಹುದು, ನಂಬಬಾರದು, ಖೋಟಾದವನೂ ಅದನ್ನು ಅಚ್ಚು ಹಾಕಿರುತ್ತಾನೆ. ಸಂಖ್ಯೆಯ ನಡುವೆ ನಕ್ಷತ್ರವಿರುವ ನೋಟು ಕಳ್ಳನೋಟೆಂಬ ಸುದ್ದಿ ಹಬ್ಬಿತ್ತು. ಅದು ಸಾಚಾ ಎಂದು ರಿಸರ್ವ್ ಬ್ಯಾಂಕು 2023ರಲ್ಲಿ ಸ್ಪಷ್ಟಪಡಿಸಿದೆ. 2,000ದ ನೋಟನ್ನು ಅದೇ ವರ್ಷ ಮೇ 19ರಂದು ಚಲಾವಣೆಯಿಂದ ಹಿಂತೆಗೆದುಕೊಂಡಿದ್ದಾರೆ. ಅದು ಖೋಟಾ ಅಲ್ಲದಿದ್ದರೂ ಊರಿನ ಬ್ಯಾಂಕಿನಲ್ಲಿ ಬದಲಾಗದು. ಗಿರಾಕಿ ತಂದರೆ ನಯವಾಗಿ ಬೇಡವೆನ್ನಿ.

ಇನ್ನು ವ್ಯಾಪಾರದ ರೀತಿ. "ಹಗಲು ಕಂಡ ಬಾವಿಗೆ ಇರುಳು ಬಿದ್ದರು" ಎಂಬ ಗಾದೆ ನಮ್ಮಂಥವರಿಗಾಗಿಯೇ ಹುಟ್ಟಿದ್ದು. ಹಣದ ಲೇವಾದೇವಿ ಹಗಲಿನಲ್ಲಿ, ಮನೆಯವರೊಬ್ಬರ ಎದುರಿನಲ್ಲಿ ನಡೆಯಲಿ. ಸಂಜೆ ಬಂದವನಿಂದ ಸ್ವಲ್ಪ ಮುಂಗಡ ಹಿಡಿದು, ಬೆಳಗ್ಗೆ ಬರಹೇಳಿ. ಮೊತ್ತ ದೊಡ್ಡದಾದರೆ ಇಬ್ಬರೂ ಕೂಡಿ ಬ್ಯಾಂಕಿಗೆ ಹೋಗಿ, ಹಣ ನಿಮ್ಮ ಖಾತೆಗೆ ಸೇರಿದ ಮೇಲೆ ಹಗ್ಗ ಕೊಡಿ. ಅಲ್ಲಿಯ ಯಂತ್ರ ನಮ್ಮ ಕಣ್ಣಿಗಿಂತ ಚುರುಕು. ಒಬ್ಬರಿಂದ ಒಂದೇ ದಿನ 2 ಲಕ್ಷ ಅಥವಾ ಅದಕ್ಕೂ ಹೆಚ್ಚಿನ ನಗದು ಪಡೆಯುವುದಕ್ಕೆ 2017ರಿಂದ ಕಾನೂನಿನ ತಡೆಯೂ ಇದೆ. ಫೋನಿನ ಮೂಲಕ ಹಣ ಕಳಿಸಿದೆನೆಂದು ಚಿತ್ರ ತೋರಿಸಿದರೆ ಸಾಲದು, ನಿಮ್ಮ ಖಾತೆಯನ್ನೇ ತೆರೆದು ನೋಡಿ. ಹಣ ಪಡೆಯಲು ಗುಪ್ತಸಂಖ್ಯೆ ಒತ್ತಬೇಕಾಗಿಲ್ಲ.

ನೋಟು ಪರೀಕ್ಷಿಸಿದರೆ ಗಿರಾಕಿಗೆ ಬೇಸರವಾದೀತೆಂಬ ಸಂಕೋಚ ಬೇಡ. "ನಮ್ಮ ಮನೆಯ ಪದ್ಧತಿ ಇದು" ಎಂದರೆ ಸಾಕು. ಗುರುತಿಲ್ಲದವನೆಲ್ಲ ಕಳ್ಳನಲ್ಲ, ಮೋಸದ ನೋಟು ಅವನ ಕೈಗೂ ತಿಳಿಯದೆಯೇ ಬಂದಿರಬಹುದು. ನಮ್ಮ ಟಗರು ಕೊಂಡವನನ್ನೂ ನಾವು ಕಳ್ಳನೆನ್ನಲಾರೆವು.

ಇಷ್ಟಾಗಿಯೂ ಖೋಟಾ ನೋಟು ಮನೆ ಹೊಕ್ಕರೆ ಬ್ಯಾಂಕಿಗೆ ಒಯ್ಯಿರಿ. ಅವರು ಅದಕ್ಕೆ ಮುದ್ರೆ ಒತ್ತಿ ಇಟ್ಟುಕೊಂಡು ರಸೀತಿ ಕೊಡುತ್ತಾರೆ. ಹಣ ಮಾತ್ರ ಕೊಡುವುದಿಲ್ಲ. ಒಂದು ಸಲಕ್ಕೆ ನಾಲ್ಕು ನೋಟಿನವರೆಗೆ ಸಿಕ್ಕರೆ ತಿಂಗಳ ವರದಿಯಲ್ಲಿ ಸೇರಿಸಿ ಪೋಲೀಸರಿಗೆ ತಿಳಿಸುತ್ತಾರೆ. ಐದು ಅಥವಾ ಹೆಚ್ಚಾದರೆ ದೂರು ದಾಖಲಾಗುತ್ತದೆ. ಗೊತ್ತಿದ್ದೂ ಅದನ್ನು ಸಾಚಾ ಎಂದು ಸಾಗಿಸುವುದು ಬೇರೆ ಮಾತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 179ನೆಯ ಕಲಮಿನಂತೆ ಅದಕ್ಕೆ ಜೀವಾವಧಿ, ಇಲ್ಲವೇ 10 ವರ್ಷಗಳವರೆಗಿನ ಸೆರೆ, ಜೊತೆಗೆ ದಂಡ. ಹಾಗೆ ಸಾಗಿಸಲೆಂದು ಇಟ್ಟುಕೊಂಡರೂ 180ನೆಯ ಕಲಮಿನಂತೆ 7 ವರ್ಷಗಳವರೆಗೆ ಸೆರೆಯಾಗಬಹುದು.

ಕಾನೂನಿನ ಮಾತು ಹಾಗಿರಲಿ. ಖೋಟಾ ನೋಟು ಕೈ ಬದಲಿಸುತ್ತ ಹೋಗಿ ಕೊನೆಗೆ ನಿಲ್ಲುವುದು ಅದನ್ನು ಗುರುತಿಸಲಾರದವನ ಕೈಯಲ್ಲಿ, ಎಂದರೆ ಹೆಚ್ಚಾಗಿ ಬಡವನ ಕೈಯಲ್ಲಿ. ಆ ನಷ್ಟವನ್ನು ನಮ್ಮ ತೋಟದ ಬಾಗಿಲಲ್ಲೇ ತಡೆಯಬಹುದು. ಅದಕ್ಕೆ ಬೇಕಾದುದು ಒಂದಿಷ್ಟು ಹಗಲು, ಒಂದಿಷ್ಟು ತಾಳ್ಮೆ. ಹಣ ನೋಡಿ ಮುಗಿಯುವ ತನಕ ಹಗ್ಗ ನಮ್ಮ ಕೈಯಲ್ಲೇ ಇರಲಿ.