ಪುಸ್ತಕ ಓದಿದರೆ ಸಂತೋಷ ಬರುತ್ತಾ?

ಯಂಡಮೂರಿ, ಡೇಲ್ ಕಾರ್ನೆಗಿ ಓದೋರು ನಮ್ಮ ಶಿವಮೊಗ್ಗ ಸಭೆಯಲ್ಲೂ ಇದ್ದೀರಿ. ಓದಬೇಡಿ ಅಂತ ನಾನು ಹೇಳಲ್ಲ. ಬೇಗ ಏಳೋದು, ದುಡ್ಡು ಉಳಿಸೋದು, ನಾಲಿಗೆ ಹಿಡಿಯೋದು ಅವುಗಳಿಂದ ಕಲಿಯಬಹುದು. ಆದರೆ 1923ರಲ್ಲಿ ಶುರುವಾದ ಭದ್ರಾವತಿ ಕಬ್ಬಿಣದ ಕಾರ್ಖಾನೆ ನೆನಪಿಸಿಕೊಳ್ಳಿ. ಕೆಮ್ಮಣ್ಣುಗುಂಡಿಯ ಅದಿರು ತಾನಾಗಿ ಕರಗಲಿಲ್ಲ, ಕುಲುಮೆಯ ಬೆಂಕಿ ಬೇಕಾಯಿತು. ಅದೇ ಊರಲ್ಲಿ ಪೇಪರ್ ಮಿಲ್ ನಿಂತು ಅಪ್ಪನ ಸಂಬಳ ಹೋದ ಮನೆಗೆ "ಪಾಸಿಟಿವ್ ಆಗಿರಿ" ಅಂದರೆ ಸಾಕಾ?

ಪೌಲನು ಸೆರೆಯಲ್ಲಿದ್ದು ಬರೆದ ಫಿಲಿಪ್ಪಿ 4:11–14 ತೆರೆಯಿರಿ. ತೃಪ್ತಿಯಾಗಿರೋದನ್ನು ಅವನೂ ಕಲಿತನು. ಬಲ ಕೊಟ್ಟವನು ಕ್ರಿಸ್ತನು. ಆ ಸಭೆಯವರೂ ಅವನ ಕಷ್ಟದಲ್ಲಿ ಪಾಲುಗಾರರಾದರು. ಈ ವಾರ ಅಂಥ ಒಂದು ಮನೆಗೆ ಹೋಗಿ, ಜೊತೆಯಲ್ಲಿ ಕೂತು ಪ್ರಾರ್ಥಿಸಿ. ಬರಿಗೈಯಲ್ಲಿ ಹೋಗಬೇಡಿ. ಆಮೆನ್.