ಮಗಳ ಪಾಲು: ಹೈದರಾಬಾದಿನಲ್ಲಿ ರೂಪುಗೊಂಡ ಒಂದು ಶಾಸನ

ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯ ವಿಚಾರದಲ್ಲಿ ಭಾರತದ ಬಹುಭಾಗಕ್ಕೆ ಪ್ರಮಾಣವಾಗಿದ್ದ ಗ್ರಂಥ ‘ಮಿತಾಕ್ಷರ’. ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವಿದು. ಆ ದೊರೆಯ ರಾಜಧಾನಿ ಕಲ್ಯಾಣವೇ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. 1956ರವರೆಗೆ ಅದು ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ಮಿತಾಕ್ಷರ ಪದ್ಧತಿಯಲ್ಲಿ ಪಿತ್ರಾರ್ಜಿತ ಆಸ್ತಿಯ ಹಕ್ಕು ಗಂಡುಮಗುವಿಗೆ ಹುಟ್ಟಿನೊಂದಿಗೇ ಬರುತ್ತಿತ್ತು, ಹೆಣ್ಣುಮಗುವಿಗೆ ಬರುತ್ತಿರಲಿಲ್ಲ. ಈ ಭೇದವನ್ನು ತೊಡೆದುಹಾಕುವ ಒಂದು ಮುಖ್ಯ ಶಾಸನ ಮುಂದೆ ಹೈದರಾಬಾದಿನ ವಿಧಾನಸಭೆಯಿಂದಲೇ ಹೊರಬಿದ್ದಿತು.

1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ಮಗಳಿಗೆ ತಂದೆಯ ಆಸ್ತಿಯಲ್ಲಿ ಭಾಗವನ್ನು ನೀಡಿತಾದರೂ ಹುಟ್ಟಿನ ಹಕ್ಕನ್ನು ನೀಡಲಿಲ್ಲ. ಇದರ ಪರಿಣಾಮವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಒಂದು ಕುಟುಂಬಕ್ಕೆ 12 ಎಕರೆ ಪಿತ್ರಾರ್ಜಿತ ಜಮೀನು ಇದೆ. ತಾಯಿ ಮೊದಲೇ ತೀರಿಕೊಂಡಿದ್ದಾಳೆ. ತಂದೆ, ಒಬ್ಬ ಮಗ, ಒಬ್ಬ ಮಗಳು ಇದ್ದಾರೆ. ತಂದೆ ಮರಣಪತ್ರ ಬರೆಯದೆ ತೀರಿಕೊಂಡರೆ, ಮರಣಕ್ಕೆ ಮುಂಚೆ ವಿಭಾಗವಾಗಿತ್ತೆಂದು ಭಾವಿಸಿ ತಂದೆಗೆ 6, ಮಗನಿಗೆ 6 ಎಕರೆ ಎಂದು ಎಣಿಸಬೇಕು. ತಂದೆಯ 6 ಎಕರೆಯನ್ನು ಮಾತ್ರ ಮಕ್ಕಳಿಬ್ಬರೂ ಹಂಚಿಕೊಳ್ಳಬೇಕು. ಕೊನೆಗೆ ಮಗನಿಗೆ 9 ಎಕರೆ, ಮಗಳಿಗೆ 3 ಎಕರೆ. ಸಾಲದುದಕ್ಕೆ, ವಾಸದ ಮನೆಯಲ್ಲಿ ಗಂಡುಮಕ್ಕಳು ಇದ್ದರೆ, ಅವರು ಪಾಲು ಮಾಡಿಕೊಳ್ಳುವವರೆಗೆ ಮಗಳು ಆ ಮನೆಯ ವಿಭಾಗವನ್ನು ಕೇಳುವಂತಿರಲಿಲ್ಲ.

ಎನ್.ಟಿ. ರಾಮರಾವ್ ಅವರು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ ಆಂಧ್ರ ಪ್ರದೇಶವು ಈ ಅಧಿನಿಯಮವನ್ನು ತನ್ನ ಮಟ್ಟಿಗೆ ತಿದ್ದಿತು. 1986ರ ಆ ತಿದ್ದುಪಡಿ 1985ರ ಸೆಪ್ಟೆಂಬರ್ 5ರಿಂದಲೇ ಅನ್ವಯವಾಯಿತು. ಮಗಳೂ ಮಗನಂತೆಯೇ ಜನ್ಮತಃ ಪಾಲುದಾರಳು ಎಂಬುದು ಅದರ ಸಾರ. ಮೇಲಿನ ಲೆಕ್ಕದಲ್ಲಿ ಈಗ ಮೂವರಿಗೂ ನಾಲ್ಕು ನಾಲ್ಕು ಎಕರೆ. ತಂದೆಯ ನಾಲ್ಕನ್ನು ಹಂಚಿದ ಮೇಲೆ ಅಣ್ಣನಿಗೂ ತಂಗಿಗೂ ಆರಾರು ಎಕರೆ. ಹೆಣ್ಣನ್ನು ಆಸ್ತಿಯಿಂದ ಹೊರಗಿಟ್ಟುದೇ ವರದಕ್ಷಿಣೆಯ ಪಿಡುಗಿಗೆ ಕಾರಣವೆಂದು ಶಾಸನದ ಪೀಠಿಕೆಯಲ್ಲಿಯೇ ಹೇಳಲಾಗಿತ್ತು. ಕಾಯಿದೆಯ ಪೀಠಿಕೆಗಳು ಇಷ್ಟು ನೇರವಾಗಿ ಮಾತನಾಡುವುದು ಅಪರೂಪ.

ಧರ್ಮಾಧಾರಿತ ವೈಯಕ್ತಿಕ ಕಾನೂನನ್ನು ರಾಜ್ಯವೊಂದು ತಿದ್ದಬಹುದೇ ಎಂಬ ಪ್ರಶ್ನೆ ಸಹಜ. ಸಂವಿಧಾನದ 25ನೆಯ ಅನುಚ್ಛೇದವು ಧಾರ್ಮಿಕ ಸ್ವಾತಂತ್ರ್ಯವನ್ನು ನೀಡುತ್ತಲೇ, ಸಮಾಜ ಸುಧಾರಣೆಗಾಗಿ ಕಾನೂನು ಮಾಡುವ ಅಧಿಕಾರವನ್ನೂ ಉಳಿಸಿದೆ. ಉತ್ತರಾಧಿಕಾರ, ವಿಭಾಗ, ಅವಿಭಕ್ತ ಕುಟುಂಬ ಇವು ಸಮವರ್ತಿ ಪಟ್ಟಿಯಲ್ಲಿವೆ. ಕೇಂದ್ರದ ಕಾನೂನಿಗೆ ವಿರುದ್ಧವಾದ ರಾಜ್ಯ ಶಾಸನವು ರಾಷ್ಟ್ರಪತಿಗಳ ಅಂಕಿತ ದೊರೆತರೆ ಆ ರಾಜ್ಯದಲ್ಲಿ ಊರ್ಜಿತವಾಗುತ್ತದೆ.

ಆದರೆ ಹೀಗೆ ರಾಜ್ಯಕ್ಕೊಂದು ಕಾನೂನಾದಾಗ ಗಡಿಯೇ ಹಕ್ಕಿನ ಎಲ್ಲೆಯಾಗುತ್ತದೆ. ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿದ್ದ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರಲ್ಲಿ ಆಂಧ್ರಕ್ಕೆ ಸೇರಿದವು. ಬಳ್ಳಾರಿ ಮೈಸೂರಿಗೆ ಬಂದಿತು. ಆದುದರಿಂದ 1985ರ ಅನಂತರ ರಾಯದುರ್ಗದ ಕನ್ನಡ ಮನೆಯ ಮಗಳಿಗೆ ಜಮೀನಿನಲ್ಲಿ ಸಮಪಾಲು. ಬಳ್ಳಾರಿಯ ಅವಳ ಸೋದರತ್ತೆಯ ಮಗಳಿಗೆ ಹಳೆಯ ಪಾಲೇ. ಕರ್ನಾಟಕವು ಇಂಥದೇ ತಿದ್ದುಪಡಿಯನ್ನು 1994ರ ಜುಲೈ 30ರಂದು ಜಾರಿಗೆ ತಂದ ಮೇಲಷ್ಟೇ ಈ ಅಂತರ ಅಳಿಯಿತು. ತಮಿಳುನಾಡು 1989ರಲ್ಲಿ ಈ ಮಾರ್ಗ ಹಿಡಿದಿತ್ತು. ಕೇರಳವು ಅದಕ್ಕೂ ಮೊದಲೇ ಅವಿಭಕ್ತ ಕುಟುಂಬದ ಪದ್ಧತಿಯನ್ನೇ ರದ್ದುಪಡಿಸಿತ್ತು.

ಆಂಧ್ರ, ಕರ್ನಾಟಕ ಎರಡೂ ಶಾಸನಗಳಲ್ಲಿ ಒಂದು ಕೊರತೆ ಉಳಿದಿತ್ತು. ಶಾಸನ ಜಾರಿಯಾಗುವ ಮೊದಲೇ ಮದುವೆಯಾದ ಮಗಳಿಗೆ ಈ ಹಕ್ಕು ಇರಲಿಲ್ಲ. ಒಂದೇ ಮನೆಯಲ್ಲಿ 1994ರ ಮೇ ತಿಂಗಳಲ್ಲಿ ಮದುವೆಯಾದ ಅಕ್ಕನಿಗೆ ಜನ್ಮಸಿದ್ಧ ಪಾಲಿಲ್ಲ, ಅವಿವಾಹಿತೆ ತಂಗಿಗೆ ಉಂಟು. ಮದುವೆಯಾದ ಮಗನಿಗೆ ಇಂಥ ತಡೆ ಯಾವ ಕಾಲದಲ್ಲೂ ಇರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು.

2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರ ತಿದ್ದುಪಡಿ ಮದುವೆಯ ಈ ಭೇದವನ್ನು ಕೈಬಿಟ್ಟು ದೇಶಕ್ಕೆಲ್ಲ ಒಂದೇ ನಿಯಮವನ್ನು ವಿಧಿಸಿತು. ವಾಸದ ಮನೆಯ ನಿರ್ಬಂಧವನ್ನೂ ತೆಗೆಯಿತು. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ಪತ್ರದಿಂದಲೋ ನ್ಯಾಯಾಲಯದ ಡಿಕ್ರಿಯಿಂದಲೋ ಆದ ವಿಭಾಗಗಳಿಗೆ ಮಾತ್ರ ಬಾಧೆಯಿಲ್ಲ. ತಂದೆ 2005ಕ್ಕೆ ಮುಂಚೆಯೇ ತೀರಿಕೊಂಡಿದ್ದರೆ ಹೇಗೆ ಎಂಬುದರ ಬಗೆಗೆ ತೀರ್ಪುಗಳು ಭಿನ್ನವಾಗಿದ್ದವು. ಹಕ್ಕು ಹುಟ್ಟಿನಿಂದ ಬರುವುದಾದ್ದರಿಂದ ಆ ದಿನ ತಂದೆ ಬದುಕಿರಬೇಕೆಂಬ ನಿಯಮವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠವು 2020ರ ಆಗಸ್ಟ್ 11ರಂದು ನಿರ್ಣಯಿಸಿತು. ಬಾಯಿಮಾತಿನಲ್ಲಿ ಹಿಂದೆಯೇ ಪಾಲಾಗಿತ್ತೆಂಬ ವಾದವನ್ನು ಸುಲಭವಾಗಿ ಒಪ್ಪಲಾಗದೆಂದೂ ಹೇಳಿತು.

ಇಷ್ಟಾದರೂ ತಂದೆಯು ತನ್ನ ಪಾಲನ್ನು ಮರಣಪತ್ರದ ಮೂಲಕ ಯಾರಿಗೆ ಬೇಕಾದರೂ ಬರೆದಿಡಬಹುದು. ತವರಿನ ಬಾಂಧವ್ಯ ಕೆಡದಿರಲೆಂದು ಅಕ್ಕತಂಗಿಯರು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕುವ ರೂಢಿಯೂ ಉಳಿದಿದೆ. ಸ್ಥಿರಾಸ್ತಿಯ ಅಂಥ ಪತ್ರ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಣಿಯಾಗಬೇಕು. ನೋಂದಣಿಯಾದ ಮೇಲೆ ಅದನ್ನು ರದ್ದುಪಡಿಸಿಕೊಳ್ಳುವುದು ಸುಲಭವಲ್ಲವಾದ್ದರಿಂದ, ಸಹಿಗೆ ಮುಂಚೆ ಪತ್ರವನ್ನು ಪೂರ್ತಿ ಓದಿಸಿ ಕೇಳುವುದು ಅವಶ್ಯ.